14 ವರ್ಷದ ಮಗಳು 800 ಮೀಟರ್ ಓಡ್ತಾಳ, ಕೋಚ್ ಪ್ರೋಟೀನ್ ಡಬ್ಬಿ ತರ್ರಿ ಅಂತಾರ. ತರ್ಬೇಕೋ ಬ್ಯಾಡೋ?

ತೊಗರಿ ಕಣಜ (ಕಲಬುರಗಿ)

ಎಲ್ಲಾರಿಗೂ ಶರಣು. ಮಗಳು ಒಂಬತ್ತನೇತ್ತಾ ಓದ್ಲತ್ತಾಳ, ತೂಕ 42 ಕೆ.ಜಿ. ಮುಂಜಾನಿ ಐದೂವರಿಗಿ ಮೈದಾನಕ್ಕ ಹೋಗ್ತಾಳ. ಏಳೂವರಿಗಿ ಬಂದು ಜಳಕಾ ಮಾಡಿ, ಒಂದ್ ಕಪ್ ಚಹಾ ಎರಡ್ ಬಿಸ್ಕೀಟ್, ಸೀದಾ ಶಾಲಿಗಿ. ತಿಂದು ಹೋಗವ್ವಾ ಅಂದ್ರ ಹಸಿವಿಲ್ಲ ಅಂತಾಳ. ಮಧ್ಯಾಹ್ನ ಶಾಲ್ಯಾಗ ಊಟ. ಸಂಜಿಗಿ ಮತ್ತ ಪ್ರಾಕ್ಟೀಸ್. ರಾತ್ರಿ ಎರಡ್ ರೊಟ್ಟಿ ಉಂಡ್ರ ದೊಡ್ಡ ಮಾತು. ಈಗೀಗ ಕಡೀ 200 ಮೀಟರಿನ್ಯಾಗ ಕಾಲು ಸೋಲ್ತಾವ ಅಂತಾಳ, ಟೈಮ್ ಇಳೀವಲ್ದು. ಕೋಚ್ ಸರ್ ಪ್ರೋಟೀನ್ ಕಡಿಮಿ ಬಿದ್ದದ, ಡಬ್ಬಿ ಚಾಲೂ ಮಾಡ್ರಿ ಅಂದ್ರು. ಅಂಗಡ್ಯಾಗ ಕೇಳಿದ್ರ ಕೆ.ಜಿ.ಗಿ ಮೂರ್ ಸಾವಿರದ ಮ್ಯಾಲೆ ಹೇಳ್ತಾರ. ನಮ್ದು ತತ್ತಿ, ಮಾಂಸ ತಿನ್ನಂಗಿಲ್ಲದ ಮನಿ. ತಿಳದೋರು ಹೇಳ್ರಿ.

ಗರಡಿ ಮನಿ ಕಾಕಾ

ತಂಗೀ, ಹೊಟ್ಟಿಗಿ ಹಿಟ್ಟಿಲ್ಲ ಜುಟ್ಟಿಗಿ ಮಲ್ಲಿಗಿ ಅಂದಂಗ ಆಯ್ತು ಇದು. ಎರಡ್ ರೊಟ್ಟಿ ತಿಂದು ಎರಡ್ ಹೊತ್ತು ಓಡಿದ್ರ ಕಾಲು ಸೋಲ್ದೇ ಏನ್ ಮಾಡ್ತಾವ? ನಮ್ ಗರಡ್ಯಾಗ ಎಮ್ಮಿ ಹಾಲು, ಬದಾಮಿ ಅರದ ಥಂಡಾಯಿ, ಮ್ಯಾಲೆ ತುಪ್ಪ. ಡಬ್ಬಿ ಅಂಬೋದೇ ಗೊತ್ತಿರ್ಲಿಲ್ಲ.

ಹಾಲಿನ ಡೇರಿ

ಕಾಕಾ, ಈಗಿನ ಬದಾಮಿ ರೇಟ್ ಕೇಳೀರೇನು? ಡಬ್ಬಿನೇ ಸೋವಿ ಆಗ್ತದ.

ಡಯಟ್ ಅಕ್ಕ (ಬೀದರ್)

ನಾನು ಆಹಾರತಜ್ಞೆ, ಆಟದ ಮಕ್ಕಳನ್ನು ಹೆಚ್ಚಾಗಿ ನೋಡ್ತೀನಿ. ಕಾಕಾ ಅವರು ಮೊದಲ ಸಾಲಿನಲ್ಲಿ ಹೇಳಿದ್ದು ಪೂರ್ತಿ ಸರಿ. ತುಪ್ಪದ ವಿಷಯ ಆಮೇಲೆ ಮಾತಾಡೋಣ.

ಅಕ್ಕಾ, ಮೊದಲು ಪ್ರೋಟೀನ್ ಲೆಕ್ಕವನ್ನೇ ಮಾಡಿಬಿಡೋಣ, ಯಾಕಂದ್ರೆ ಎಲ್ಲರ ತಲೆಯಲ್ಲಿ ಅದೇ ಕೂತಿದೆ. ಆಟ ಆಡದ ದೊಡ್ಡವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳೋದು ಕೆ.ಜಿ. ತೂಕಕ್ಕೆ 0.83 ಗ್ರಾಂ. ದಿನಾ ತಾಲೀಮು ಮಾಡುವವರಿಗೆ 1.2ರಿಂದ 2 ಗ್ರಾಂವರೆಗೆ ಅಂತ ಕ್ರೀಡಾ ಪೋಷಣೆಯವರು ಇಟ್ಟುಕೊಂಡಿದ್ದಾರೆ. ನಿಮ್ಮ ಮಗಳಿಗೆ 1.2ರಿಂದ 1.6 ಹಿಡಿಯೋಣ. ದಿನಕ್ಕೆ 50ರಿಂದ 67 ಗ್ರಾಂ ಆಯ್ತು.

ಈಗ ನಿಮ್ಮ ಅಡುಗೆಮನೆ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಅಂದ್ರೆ ಮೂರು ರೊಟ್ಟಿಗೆ 18. ತೊಗರಿಬೇಳೆ 60 ಗ್ರಾಂ ಬೇಯಿಸಿದರೆ 13. ಹಾಲು ಅರ್ಧ ಲೀಟರ್, 16. ಒಂದು ಹಿಡಿ ಶೇಂಗಾ, ಅಂದ್ರೆ 30 ಗ್ರಾಂ, 7. ಒಂದು ಬಟ್ಟಲು ಮೊಸರು 5, ಒಂದು ಊಟದ ಅನ್ನ 7. ಕೂಡಿಸಿ ನೋಡಿ, 66. ತತ್ತಿ ಇಲ್ಲ, ಡಬ್ಬಿ ಇಲ್ಲ. ಜೋಳದಲ್ಲಿ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಡಿಮೆ, ಅದು ತೊಗರಿಯಲ್ಲಿ ಹೇರಳ. ತೊಗರಿಯಲ್ಲಿ ಕಡಿಮೆ ಇರೋ ಮೆಥಿಯೊನಿನ್ ಜೋಳದಿಂದ ಬರುತ್ತೆ. ನಮ್ಮ ಕಡೆ ರೊಟ್ಟಿ-ಬ್ಯಾಳಿ ಯಾರೂ ಓದಿ ಜೋಡಿ ಮಾಡಿದ್ದಲ್ಲ, ಆದರೂ ಜೋಡಿ ಸರಿಯಾಗೇ ಬಿದ್ದಿದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ತಿನ್ನಬೇಕು ಅಂತೇನಿಲ್ಲ, ದಿನದೊಳಗೆ ಹೊಟ್ಟೆ ಸೇರಿದರೆ ಆಯ್ತು.

ಖರೆ ಕೊರತೆ ಬೇರೆ ಕಡೆ ಇದೆ. ದಿನಕ್ಕೆ ಒಂದೆರಡು ತಾಸು ಓಡುವ ಹುಡುಗಿಗೆ ಕಾರ್ಬೋಹೈಡ್ರೇಟ್ ಕೆ.ಜಿ.ಗೆ ಸುಮಾರು 6 ಗ್ರಾಂ ಬೇಕು. 42 ಕೆ.ಜಿ.ಗೆ 250 ಗ್ರಾಂ. ಒಂದು ರೊಟ್ಟಿಯಲ್ಲಿ ಇರೋದು 40. ಅಂದ್ರೆ ಆರು ರೊಟ್ಟಿಯಷ್ಟು ಆಹಾರ, ಅದು ಅನ್ನ, ಬೆಲ್ಲ, ಬಾಳೆಹಣ್ಣು, ಅವಲಕ್ಕಿ ಯಾವುದರಿಂದಾದರೂ ಬರಲಿ. ಅದು ಬೀಳದಿದ್ದರೆ ಡಬ್ಬಿಯ ಪ್ರೋಟೀನನ್ನೂ ದೇಹ ಉರಿಸಿ ಮುಗಿಸುತ್ತೆ. ಮೂರು ಸಾವಿರ ಕೊಟ್ಟು ತಂದ ಪುಡಿ ರೊಟ್ಟಿಯ ಕೆಲಸ ಮಾಡಿದಂತಾಯ್ತು ಅಷ್ಟೆ.

ತೊಗರಿ ಕಣಜ

ಅಕ್ಕೋರೆ, ಲೆಕ್ಕ ತಿಳೀತು. ಆದ್ರ ತಿನ್ಸೋದು ಹ್ಯಾಂಗ? ನಸುಕಿನ್ಯಾಗ ಏನೂ ಬ್ಯಾಡ ಅಂತಾಳ, ಓಡಿ ಬಂದ್ ಮ್ಯಾಲೆ ವಾಂತಿ ಬಂದಂಗ ಆಗ್ತದ ಅಂತಾಳ.

ಶಹಾಪುರದ ಓಟಗಾರ

ಅಕ್ಕಾ, ಓಡಿ ಬಂದ ಕೂಡ್ಲೆ ಹಸಿವು ಸಾಯ್ತದ, ನಂಗೂ ಹಂಗೇ. ಅರ್ಧಾ ತಾಸ್ ಬಿಟ್ರ ಬರ್ತದ. ಆದ್ರ ಅಷ್ಟರಾಗ ಶಾಲಿಗಿ ಹೋಗೋ ಹೊತ್ತಾಗಿರ್ತದ, ಅಲ್ಲೇ ಎಡವಟ್ಟು. ನಾ ಏನ್ ಮಾಡ್ತೀನಿ ಅಂದ್ರ ಮೈದಾನದಾಗೇ ಬೂಟ್ ಬಿಚ್ಚಬೇಕಾದ್ರ ಕುಡಿಯೋದು ಕುಡ್ದ್ ಬಿಡ್ತೀನಿ. ತಿನ್ನಾಕ ಆಗಂಗಿಲ್ಲ, ಕುಡೀಲಾಕ ಆಗ್ತದ. ಹಾಲಿನ್ಯಾಗ ಎರಡ್ ಬಾಳಿಹಣ್ಣು ಹಿಚುಕಿ, ಬೆಲ್ಲ ಹಾಕಿ, ಸ್ಟೀಲ್ ಬಾಟ್ಲಿಗಿ ತುಂಬಿ ಕೊಡ್ರಿ. ಬ್ಯಾಸಿಗ್ಯಾಗ ಹಾಲು ಕೆಡ್ತದ. ಅವಾಗ ರಾತ್ರಿನೇ ಬಾಟ್ಲಿ ಫ್ರಿಜ್ಜಿನ್ಯಾಗ ಇಟ್ಟು, ಹಸಿ ಅರಿವಿ ಸುತ್ತಿ ಒಯ್ಬೇಕು.

ಡಯಟ್ ಅಕ್ಕ (ಬೀದರ್)

ತಮ್ಮಾ, ಇದು ನಾನು ಹೇಳಬೇಕಾಗಿದ್ದ ಮಾತು. ತಾಲೀಮು ಆದಮೇಲೆ ಒಂದು ಸರ್ತಿಗೆ ಬೇಕಾಗೋ ಪ್ರೋಟೀನ್ ಕೆ.ಜಿ.ಗೆ 0.3 ಗ್ರಾಂ, ಅಂದ್ರೆ ಈ ಹುಡುಗಿಗೆ ಬರೀ 12-13 ಗ್ರಾಂ. ಒಂದು ಗ್ಲಾಸ್ ಹಾಲು ಮತ್ತು ಅರ್ಧ ಹಿಡಿಗಿಂತ ಸ್ವಲ್ಪ ಜಾಸ್ತಿ ಶೇಂಗಾ. ನಸುಕಿನಲ್ಲಿ ಹೊರಡುವ ಮೊದಲು ಊಟ ಬೇಡ. ಎರಡು-ಮೂರು ಖರ್ಜೂರ ಅಥವಾ ಒಂದು ಬಾಳೆಹಣ್ಣು, ಅರ್ಧ ಗ್ಲಾಸ್ ನೀರು. ಮೊದಲ ವಾರ ಅರ್ಧ ಬಾಳೆಹಣ್ಣಿನಿಂದ ಶುರು ಮಾಡಿ, ಹೊಟ್ಟೆಗೂ ರೂಢಿ ಆಗಬೇಕು.

ಶಾಲೆಗೆ ತಿಂಡಿ ಡಬ್ಬಿ ಕಟ್ಟಿ. ಸುಸಲಾಕ್ಕೆ (ನೆನೆಸಿದ ಚುರುಮುರಿ ಒಗ್ಗರಣೆ) ಪುಟಾಣಿ ಹಿಟ್ಟು, ಶೇಂಗಾ ಎರಡೂ ಧಾರಾಳ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ. ಮೊದಲ ಬಿಡುವಿನಲ್ಲಿ ತಿಂತಾಳೆ. ಐದೂವರೆಯಿಂದ ಮಧ್ಯಾಹ್ನದವರೆಗೆ ಎರಡು ಬಿಸ್ಕೀಟಿನ ಮೇಲೆ ಇರೋದು ಇದೆಯಲ್ಲ, ಅಲ್ಲಿಂದಲೇ ಕಾಲು ಸೋಲೋದು ಶುರು.

ಇನ್ನೊಂದು, ಚಹಾ. ಊಟದ ಜೊತೆ, ಊಟದ ಬೆನ್ನಿಗೆ ಚಹಾ ಬೇಡ. ಅದರಲ್ಲಿನ ಟ್ಯಾನಿನ್ ಕಬ್ಬಿಣ ಹಿಡಿದುಕೊಳ್ಳುತ್ತೆ. ಒಂದು ತಾಸು ಅಂತರ ಇರಲಿ. ರಕ್ತ ತಪಾಸಣೆ ಮಾಡಿಸಿದ್ದೀರಾ?

ತೊಗರಿ ಕಣಜ

ಇಲ್ರಿ. ಮಾಡಸ್ಬೇಕಾ?

ಡಯಟ್ ಅಕ್ಕ (ಬೀದರ್)

ಮಾಡಿಸಿ. ಡಬ್ಬಿಗಿಂತ ಮೊದಲು ಅದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ 59 ಶೇಕಡಾ ರಕ್ತಹೀನತೆ ಇತ್ತು. 13–15ರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು, ಅದೇ ವಯಸ್ಸಿನ ಹುಡುಗನಿಗೆ 22. ಮುಟ್ಟು, ಬೆಳವಣಿಗೆ, ಮೇಲೆ ದೂರದ ಓಟ, ಮೂರೂ ಕೂಡಿ ಕಬ್ಬಿಣ ಎಳೆಯುತ್ವೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಸ್ನಾಯುವಿಗೆ ಆಮ್ಲಜನಕ ಮುಟ್ಟೋದು ಕಡಿಮೆ. 100 ಮೀಟರ್ ಓಡೋರಿಗೆ ಅಷ್ಟು ಬೇಗ ಗೊತ್ತಾಗಲ್ಲ, 800ರಲ್ಲಿ ಕೊನೆಯ ಅರ್ಧ ಸುತ್ತಿನಲ್ಲಿ ಸಿಕ್ಕಿಬೀಳುತ್ತೆ. ನೀವು ಬರೆದಿರೋ ಲಕ್ಷಣ ಓದಿದ ತಕ್ಷಣ ನನಗೆ ಬಂದ ಅನುಮಾನ ಅದು.

ನಿವೃತ್ತ ಪಿ.ಟಿ. ಮಾಸ್ತರ್ (ಸೇಡಂ)

ಶಾಲೆಯಲ್ಲಿ ವಾರಕ್ಕೊಮ್ಮೆ ನೀಲಿ ಗುಳಿಗೆ ಕೊಡುತ್ತಾರೆ, ಅದನ್ನು ನುಂಗುತ್ತಾಳೋ ಇಲ್ಲವೋ ಕೇಳಿರಿ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ನನ್ನ ಅನುಭವದಲ್ಲಿ ಅರ್ಧ ಹುಡುಗಿಯರು ಕೈಯಲ್ಲಿ ಇಸಕೊಂಡು ಕಿಟಕಿಯಿಂದ ಹೊರಗೆ ಒಗೆಯುತ್ತಿದ್ದರು. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ ಅಂತ ಹೆದರಿಕೆ. ಕಪ್ಪಾಗುವುದು ಸಹಜ, ಅದಕ್ಕೆ ಅಂಜಬಾರದು. ಊಟ ಆದಮೇಲೆ ನುಂಗಿದರೆ ವಾಕರಿಕೆಯೂ ಕಡಿಮೆ. ವರ್ಷಕ್ಕೆ ಎರಡು ಸಲ ಜಂತುಹುಳದ ಗುಳಿಗೆಯನ್ನೂ ಬಿಡಬಾರದು.

ಮತ್ತೆ ತತ್ತಿಯ ಮಾತು ಬಂತು ಅಂತ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಶಾಲೆಯ ಬಿಸಿಯೂಟದಲ್ಲಿ ತತ್ತಿ ಶುರು ಮಾಡಿದ್ದೇ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಜಿಲ್ಲೆಗಳಿಂದ. ಗಲಾಟೆ ಏನು ಕಡಿಮೆ ಆಗಲಿಲ್ಲ. ತಿನ್ನದವರಿಗೆ ಬಾಳೆಹಣ್ಣು. ನನ್ನ ಕಬಡ್ಡಿ ಹುಡುಗರಲ್ಲಿ ಮನೆಯಲ್ಲಿ ಮುಟ್ಟದವರೂ ಶಾಲೆಯಲ್ಲಿ ತಿಂದರು. ಒಂದು ತತ್ತಿಗೆ 6 ಗ್ರಾಂ ಪ್ರೋಟೀನ್, ಅದೂ ಎಲ್ಲಾ ಅಂಶ ಪೂರ್ತಿ ಇರುವಂಥದ್ದು. ಬಾಳೆಹಣ್ಣು ಅದಕ್ಕೆ ಸಾಟಿ ಅಂತ ಯಾರೂ ತಿಳಿಯಬಾರದು, ಇಷ್ಟೇ ನನ್ನ ಮಾತು.

ಹಾಲಿನ ಡೇರಿ

ಮಾಸ್ತರ್ರ, ಅಕ್ಕೋರು ತತ್ತಿ ತಿನ್ನಂಗಿಲ್ಲದ ಮನಿ ಅಂದಾರ. ಅದನ್ನ ಯಾಕ ಎಳೀತೀರಿ? ಹಾಲಿನಾಗೂ ಎಲ್ಲಾ ಅಂಶ ಪೂರ್ತಿ ಅದಾವಲ್ಲ.

ನಿವೃತ್ತ ಪಿ.ಟಿ. ಮಾಸ್ತರ್ (ಸೇಡಂ)

ಅದಾವ. ಆದರೆ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ.

ನಿರ್ವಾಹಕ

ತತ್ತಿ ಬೇಕು-ಬ್ಯಾಡದ ವಾದ ಇಲ್ಲಿಗಿ ನಿಲ್ಲಲಿ. ಹಿಂದಿನ ಸಲ ಇದೇ ವಿಷಯಕ್ಕ ಇಬ್ಬರ ಖಾತೆ ಮುಚ್ಚಬೇಕಾಯ್ತು.

ಡಯಟ್ ಅಕ್ಕ (ಬೀದರ್)

ಸಸ್ಯಾಹಾರದ ಕಬ್ಬಿಣ ದೇಹಕ್ಕೆ ಕಡಿಮೆ ಹತ್ತುತ್ತೆ, ಅದಕ್ಕೆ ಹುಳಿ ಜೊತೆಯಲ್ಲಿರಬೇಕು, ಅಂದ್ರೆ ಸಿ ಜೀವಸತ್ವ. ಬ್ಯಾಳಿಗೆ ನಿಂಬೆಹಣ್ಣು, ಊಟದ ಜೊತೆ ಪೇರಲ ಹಣ್ಣು, ಕಾಳು ಮೊಳಕೆ ಬರಿಸಿ ಉಸುಳಿ. ನಮ್ಮ ಎಳ್ಳ ಅಮಾವಾಸ್ಯೆಯ ಭಜ್ಜಿ ನೆನಪಿಸಿಕೊಳ್ಳಿ. ಹಸಿ ಕಡಲೆ, ಹಸಿ ತೊಗರಿ, ಅವರೆ, ಮೆಂತ್ಯ, ಪುಂಡಿ ಸೊಪ್ಪು, ಸಿಕ್ಕಿದ್ದೆಲ್ಲಾ ಒಂದೇ ಗಡಿಗೆಯಲ್ಲಿ, ಪಕ್ಕಕ್ಕೆ ಸಜ್ಜಿ ರೊಟ್ಟಿ. ಓಡುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ತಟ್ಟೆ ನನಗೆ ಹೊಳೆಯಲ್ಲ. ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಉಂಡು ಮರೀತೀವಿ, ವಾರಕ್ಕೊಮ್ಮೆ ಸಣ್ಣ ಕುಕ್ಕರಿನಲ್ಲಿ ಮಾಡಬಹುದಲ್ಲ?

ಗರಡಿ ಮನಿ ಕಾಕಾ

ಭಜ್ಜಿ ಅಂದ್ ಕೂಡ್ಲೆ ಬಾಯಾಗ ನೀರ್ ಬಂತು. ಆದ್ರ ಕುಕ್ಕರಿಂದು ಭಜ್ಜಿ ಅಲ್ಲ, ಅಕ್ಕಾ. ಅದು ಮಣ್ಣಿನ ಗಡಿಗ್ಯಾಗೇ ಆಗ್ಬೇಕು.

ನನ್ನ ಒಂದ್ ಕೇಳೋದದ. ಅಳಿಯ 17ರ ಪೋರ, ಕುಸ್ತಿ. ತೂಕದ ಗುಂಪಿನ್ಯಾಗ ಕೂಡ್ಲಾಕ ಮೂರ್ ಕೆ.ಜಿ. ಇಳಸ್ಬೇಕು, ನಾಕ್ ದಿನ ಉಳದಾವ. ನೀರು ಬಿಟ್ಟಾನ, ಸ್ವೆಟರ್ ಮ್ಯಾಲೆ ಸ್ವೆಟರ್ ಹಾಕ್ಕೊಂಡು ಬಿಸಲಾಗ ಓಡ್ಲತ್ತಾನ. ನಮ್ ಕಾಲದಾಗೂ ಮಾಡ್ತಿದ್ವಿ, ಆದ್ರ ಇವನ ಮಾರಿ ನೋಡಿದ್ರ ಹೆದರಿಕಿ ಆಗ್ತದ.

ಡಯಟ್ ಅಕ್ಕ (ಬೀದರ್)

ಕಾಕಾ, ಇವತ್ತೇ ನಿಲ್ಲಿಸಿ. 1997ರಲ್ಲಿ ಅಮೆರಿಕಾದಲ್ಲಿ ಕಾಲೇಜಿನ ಮೂರು ಕುಸ್ತಿ ಹುಡುಗರು ಎರಡು ತಿಂಗಳ ಒಳಗೆ ಸತ್ತರು. ಮೂವರೂ ಹೀಗೇ ಬೆವರಿಳಿಸಿ ತೂಕ ತೆಗೀತಿದ್ದರು. ಅದಾದಮೇಲೆ ಅಲ್ಲಿ ನಿಯಮವೇ ಬದಲಾಯ್ತು. ನಾಲ್ಕು ದಿನದಲ್ಲಿ ಮೂರು ಕೆ.ಜಿ. ಕೊಬ್ಬು ಹೋಗಲ್ಲ, ಹೋಗೋದು ನೀರು. ನೀರು ಹೋದ್ರೆ ರಕ್ತ ಗಟ್ಟಿಯಾಗುತ್ತೆ, ಮೈಯ ಕಾವು ಇಳಿಯಲ್ಲ, ಮೂತ್ರಪಿಂಡಕ್ಕೆ ಪೆಟ್ಟು. ಅದೂ ಕಲಬುರಗಿ ಬಿಸಿಲಿನಲ್ಲಿ!

ಮೇಲಿನ ಗುಂಪಿನಲ್ಲಿ ಆಡಲಿ. ಸೋತರೆ ಸೋಲಲಿ.

ಶಹಾಪುರದ ಓಟಗಾರ

2024ರ ಆಗಸ್ಟ್‌ನ್ಯಾಗ ಪ್ಯಾರಿಸ್ಸಿನ್ಯಾಗ ವಿನೇಶ್ ಫೋಗಟ್ ಫೈನಲ್ ಮುಟ್ಟಿದ ಮ್ಯಾಲೆ 100 ಗ್ರಾಂ ಹೆಚ್ಚಾಗಿ ಅನರ್ಹ ಆದ್ರಲ್ಲ, ರಾತ್ರಿಯಿಡೀ ಓಡಿದ್ರು, ಕೂದ್ಲಾ ಕತ್ತರಿಸಿದ್ರು. ಅವ್ರ ಹಿಂದ ಡಾಕ್ಟರ್ ಇದ್ರು, ಇಡೀ ತಂಡ ಇತ್ತು. ಇವನ ಹಿಂದ ಯಾರದಾರ ಕಾಕಾ?

ಗರಡಿ ಮನಿ ಕಾಕಾ

ಖರೇ ಅದ. ಇವತ್ತ ಸಂಜಿಗಿ ಅವನ ಮನಿಗಿ ಹೋಗ್ತೀನಿ.

ಫುಟ್‌ಬಾಲ್ ಅಬ್ಬಾ (ಕಲಬುರಗಿ)

ಅಸ್ಸಲಾಮ್. ನನ್ ಬೇಟಾ 16, ಫುಟ್‌ಬಾಲ್ ಆಡ್ತಾನ. ರೋಜಾ ಬಿಡಂಗಿಲ್ಲ, ಪ್ರಾಕ್ಟೀಸೂ ಬಿಡಂಗಿಲ್ಲ. ರಂಜಾನ್ ಈಗ ಫೆಬ್ರವರಿ-ಮಾರ್ಚಿಗಿ ಬರ್ಲತ್ತದ, ಬಿಸಿಲು ಚಾಲೂ ಆಗೋ ಹೊತ್ತು. ಯಾವಾಗ ಆಡ್ಬೇಕು, ಏನ್ ತಿನ್ಬೇಕು?

ಡಯಟ್ ಅಕ್ಕ (ಬೀದರ್)

ಭಾರಿ ತಾಲೀಮು ಇಫ್ತಾರ್ ಆಗಿ ಒಂದೆರಡು ತಾಸಿನ ನಂತರ. ಹಗಲಿನಲ್ಲಿ ಮಾಡಲೇಬೇಕಂದ್ರೆ ಇಫ್ತಾರಿಗೆ ಸ್ವಲ್ಪ ಮುಂಚೆ, ಹಗುರವಾಗಿ, ಮುಗಿದ ಕೂಡಲೆ ನೀರು, ಖರ್ಜೂರ ಸಿಗೋ ಹಂಗೆ. ಖರ್ಜೂರ, ಹಣ್ಣು, ನೀರು ಮೊದಲು. ಸಮೋಸಾ, ಭಜಿ ತಟ್ಟೆಯ ಮೂಲೆಗೆ. ನೀರನ್ನು ಸೆಹರಿ ಹೊತ್ತಿಗೆ ಒಂದೇ ಸಲ ಗಟಗಟ ಕುಡಿದರೆ ಮೂತ್ರಕ್ಕೆ ಹೋಗಿಬಿಡುತ್ತೆ, ಇಫ್ತಾರಿಂದ ಸೆಹರಿವರೆಗೆ ಹಂಚಿ ಕುಡೀಲಿ. ಸೆಹರಿಗೆ ಜೋಳದ ರೊಟ್ಟಿ ಭಾರಿ ಒಳ್ಳೇದು, ನಿಧಾನ ಕರಗುತ್ತೆ. ಜೊತೆಗೆ ದಾಲ್, ಮೊಸರು, ತತ್ತಿ. ಉಪ್ಪಿನಕಾಯಿ, ಹಪ್ಪಳ ಬೇಡ, ಬಾಯಾರಿಕೆ ಏರುತ್ತೆ.

ಫುಟ್‌ಬಾಲ್ ಅಬ್ಬಾ (ಕಲಬುರಗಿ)

ಶುಕ್ರಿಯಾ ಅಕ್ಕಾ. ಹಲೀಮ್?

ಡಯಟ್ ಅಕ್ಕ (ಬೀದರ್)

ಗೋಧಿ, ಬೇಳೆ, ಮಾಂಸ, ಮೂರೂ ಒಂದೇ ಬಟ್ಟಲಲ್ಲಿ! ಎಣ್ಣೆ ಮೇಲೆ ತೇಲದಿದ್ದರೆ ಧಾರಾಳ ತಿನ್ನಲಿ. ಆಟ ಮುಗಿದ ಮೇಲೆ ಮಾತ್ರ.

ನಿವೃತ್ತ ಪಿ.ಟಿ. ಮಾಸ್ತರ್ (ಸೇಡಂ)

ಸ್ಪರ್ಧೆಯ ದಿನದ ಮಾತು ಯಾರೂ ಎತ್ತಲಿಲ್ಲ. ತಾಲ್ಲೂಕು ಕ್ರೀಡಾಕೂಟದಲ್ಲಿ ಮಕ್ಕಳಿಗೆ ಎಂಟೂವರೆಗೆ ಬರಹೇಳುತ್ತಾರೆ. ಉದ್ಘಾಟನೆ, ಸ್ವಾಗತ, ಹಾರ, ಭಾಷಣ, ಮತ್ತೆ ಇನ್ನೊಬ್ಬ ಮುಖ್ಯ ಅತಿಥಿ ತಡವಾಗಿ ಬಂದು ಅವರದ್ದೂ ಭಾಷಣ. 800 ಮೀಟರ್ ಸೀಟಿ ಊದುವುದು ಮಧ್ಯಾಹ್ನ ಎರಡೂವರೆಗೋ ಮೂರಕ್ಕೋ. ಅಷ್ಟರೊಳಗೆ ಮಕ್ಕಳು ಗೇಟಿನ ಹತ್ತಿರ ಬಂಡಿಯ ಮಿರ್ಚಿ ಭಜಿ ತಿಂದು, ಬಣ್ಣದ ಐಸ್ ಚೀಪಿ, ಟ್ರ್ಯಾಕ್ ಮೇಲೆ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾರೆ. ಎಷ್ಟು ವರ್ಷ ನೋಡಿದ್ದೇನೆ ಇದನ್ನು!

ಓಟಕ್ಕೆ ಮೂರು ತಾಸು ಇರುವಾಗ ಹೊಟ್ಟೆ ತುಂಬ ಊಟ ಆಗಬಹುದು. ಅದೂ ಖಡಕ್ ರೊಟ್ಟಿ-ಹಿಂಡಿ ಅಲ್ಲ. ಅವತ್ತಿನ ಮಟ್ಟಿಗೆ ನಾರು, ಖಾರ, ಎಣ್ಣೆ ಮೂರೂ ಬೇಡ. ಮೊಸರನ್ನ, ಉಪ್ಪಿಟ್ಟು, ಅವಲಕ್ಕಿ ಸಾಕು. ಒಂದು ತಾಸು ಇರುವಾಗ ಬಾಳೆಹಣ್ಣು. ಅರ್ಧ ತಾಸು ಇರುವಾಗ ನಿಂಬೆ ಶರಬತ್ತು ನಾಲ್ಕು ಗುಟುಕು. ಹೊತ್ತು ಮುಂದೂಡಿದರೆ ಮತ್ತೆ ಅರ್ಧ ಬಾಳೆಹಣ್ಣು. ಚೀಲದಲ್ಲಿ ಎಲ್ಲಾ ಇರಬೇಕು, ಬಂಡಿಯ ಕಡೆ ಹೋಗುವ ಪ್ರಸಂಗವೇ ಬರಬಾರದು. ಶೇಂಗಾ ಚಿಕ್ಕಿ ಓಟ ಮುಗಿದ ಮೇಲೆ. ಅದರಲ್ಲಿ ಕೊಬ್ಬಿದೆ, ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಮತ್ತು ಅವತ್ತು ಹೊಸದೇನನ್ನೂ ಬಾಯಿಗೆ ಹಾಕಬಾರದು, ಯಾರು ಕೊಟ್ಟರೂ ಸರಿ.

ಶಹಾಪುರದ ಓಟಗಾರ

ಯಾರ ಕೊಟ್ರೂ ಅಂದ್ರಲ್ಲ ಮಾಸ್ತರ್ರ, ಕಳೆದ ಕೂಟದಾಗ ಒಬ್ಬರು ಪೋರಗೋಳಿಗಿ ಎನರ್ಜಿ ಡ್ರಿಂಕ್ ಕ್ಯಾನ್ ಹಂಚ್ಲತ್ತಿದ್ರು. ಆ ಕ್ಯಾನಿನ ಮ್ಯಾಲೇ ಸಣ್ಣ ಅಕ್ಷರದಾಗ ಬರ್ದಿರ್ತದ, ಮಕ್ಕಳಿಗಿ ಬ್ಯಾಡ ಅಂತ. 250 ಮಿ.ಲೀ. ಕ್ಯಾನಿನ್ಯಾಗ 75 ಮಿಲಿಗ್ರಾಂ ಆಸುಪಾಸು ಕೆಫೀನ್. ಎದಿ ಡಬಡಬ ಅಂತದ, ರಾತ್ರಿ ನಿದ್ದಿ ಹೋಗ್ತದ. ಅದ್ರಾಗ ಎನರ್ಜಿ ಅಂದ್ರ ಸಕ್ರಿನೇ.

ಡಬ್ಬಿ ವಿಷಯಕ್ಕೂ ಒಂದ್ ಮಾತು. ರಾಜ್ಯ, ರಾಷ್ಟ್ರ ಮಟ್ಟಕ್ಕ ಹೋಗೋರಿಗಿ ನಾಡಾದೋರು (ಆಟಗಾರರು ನಿಷೇಧಿತ ಮದ್ದು ತಗೊಂಡಾರೇನು ಅಂತ ನೋಡೋ ರಾಷ್ಟ್ರೀಯ ಸಂಸ್ಥೆ) ಮೂತ್ರ ಪರೀಕ್ಷಾ ಮಾಡ್ಬಹುದು. ಪುಡಿಯೊಳಗ ಲೇಬಲ್ ಮ್ಯಾಲಿಲ್ಲದ ಮದ್ದು ಕೂಡಿತ್ತು, ನಂಗ ಗೊತ್ತಿರ್ಲಿಲ್ಲ ಅಂದ್ರ ನಡ್ಯಂಗಿಲ್ಲ. ಮೈಯಾಗ ಸಿಕ್ತು ಅಂದ್ರ ಜವಾಬ್ದಾರಿ ಆಟಗಾರಂದೇ. 14 ಅಂಕಿಯ ಆಹಾರ ಲೈಸೆನ್ಸ್ ನಂಬರ್ ಇದ್ರೂ ಅದು ಒಳಗಿನ ಗ್ಯಾರಂಟಿ ಅಲ್ಲ.

ಹಾಲಿನ ಡೇರಿ

ಓ.ಆರ್.ಎಸ್. ಅಂತ ಟೆಟ್ರಾ ಪ್ಯಾಕ್ ಬರ್ತಾವಲ್ಲ, ಅವು ನಡೀತಾವಾ? ಏಪ್ರಿಲ್‌ನ್ಯಾಗ ಬಿಸಲು 42 ಡಿಗ್ರಿ ದಾಟಿತಂದ್ರ ಬರೀ ನೀರು ಸಾಲಂಗಿಲ್ಲ.

ಡಯಟ್ ಅಕ್ಕ (ಬೀದರ್)

ಹಣ್ಣಿನ ರಸದ ಪ್ಯಾಕೆಟ್ಟಿಗೆ ಓ.ಆರ್.ಎಸ್. ಅಂತ ಹೆಸರಿಡೋದನ್ನ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಿಲ್ಲಿಸಿದೆ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಅಸಲಿ ಪುಡಿ ಪೊಟ್ಟಣ 20.5 ಗ್ರಾಂ ಇರುತ್ತೆ, ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣ ಅಂದಾಜಿನಲ್ಲಿ ಒಂದು ಗ್ಲಾಸಿಗೆ ಹಾಕಿ ಕುಡಿಸಬೇಡಿ. ದಿನದ ತಾಲೀಮಿಗೆ ಅದೂ ಬೇಕಿಲ್ಲ, ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು ಸಾಕು.

ತಾಲೀಮಿಗೆ ಮೊದಲು, ಆಮೇಲೆ ತೂಕ ನೋಡಿ. 42 ಇದ್ದದ್ದು 41.3 ಆದ್ರೆ 700 ಗ್ರಾಂ ಬೆವರು. ಮುಂದಿನ ಕೆಲವು ತಾಸಿನಲ್ಲಿ ಅದರ ಒಂದೂವರೆ ಪಟ್ಟು, ಒಂದು ಲೀಟರ್ ಮೇಲೆ ಸ್ವಲ್ಪ, ಹೊಟ್ಟೆಗೆ ಹೋಗಬೇಕು. ಮೂತ್ರ ಕಡು ಹಳದಿ ಇದ್ದರೆ ಇನ್ನೂ ಸಾಲದು.

ತೊಗರಿ ಕಣಜ ಅಕ್ಕಾ, ನಿಮಗೊಂದು ಖಾಸಗಿ ಸಂದೇಶ ಕಳಿಸಿದ್ದೆ, ಆದರೆ ಬೇರೆ ತಾಯಂದಿರಿಗೂ ಬೇಕಾಗೋ ಮಾತು, ಇಲ್ಲೇ ಹಾಕ್ತೀನಿ. ಶುರುವಾಗಿದ್ದ ಮುಟ್ಟು ಮೂರು ತಿಂಗಳು ಬರದಿದ್ದರೆ, ಓಟ ಅಂದ್ರೆ ಹಂಗೇ ಅಂತ ಬಿಡಬೇಡಿ, ವೈದ್ಯರಿಗೆ ತೋರಿಸಿ. ತಿನ್ನೋದು ಕಡಿಮೆ, ಖರ್ಚು ಜಾಸ್ತಿ ಆದಾಗ ದೇಹ ಮೊದಲು ಅದನ್ನೇ ನಿಲ್ಲಿಸುತ್ತೆ, ಆಮೇಲೆ ಮೂಳೆ ಸವೆಯುತ್ತೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟು ಎಚ್ಚರಿಸಿತು, 2023ರಲ್ಲಿ ಮತ್ತೆ ಪರಿಷ್ಕರಿಸಿತು. ಹುಡುಗರಿಗೂ ಆಗುತ್ತೆ, ಅವರಲ್ಲಿ ಕಣ್ಣಿಗೆ ಬೀಳಲ್ಲ ಅಷ್ಟೆ.

ತೊಗರಿ ಕಣಜ

ರಿಪೋರ್ಟ್ ಬಂತ್ರಿ. ಹಿಮೋಗ್ಲೋಬಿನ್ 10.2. ಡಾಕ್ಟರ್ ನೋಡಿ ದಿನಾ ಗುಳಗಿ ಬರ್ದಾರ, ವಾರದ ನೀಲಿ ಗುಳಗಿ ಇದಕ್ಕ ಸಾಲಂಗಿಲ್ಲ ಅಂದ್ರು. ಮುಟ್ಟಿಂದು ತೊಂದ್ರಿ ಇಲ್ಲ. ಕೋಚ್ ಸರ್‌ಗಿ ರಿಪೋರ್ಟ್ ತೋರ್ಸಿದೆ. ಅವ್ರೂ ಸುಮ್ಕಾಗಿ, ಉಳದ ಹುಡ್ಗೇರದೂ ತಪಾಸಣಿ ಮಾಡಸ್ರಿ ಅಂತ ಎಲ್ಲಾ ಮನಿಗಿ ಹೇಳ್ಲತ್ತಾರ.

ಹಾಲು-ಬಾಳಿಹಣ್ಣಿನ ಬಾಟ್ಲಿ ಚಾಲೂ ಆಗ್ಯಾದ. ಖರ್ಜೂರ ಒಲ್ಲೆ ಅಂತಾಳ, ಬೆಲ್ಲದ ಸಣ್ಣ ಹೆಂಟಿ ಬಾಯಾಗ ಹಾಕ್ಕೊಂಡು ಹೋಗ್ತಾಳ. ನಡೀತದೇನ್ರಿ?

ಡಯಟ್ ಅಕ್ಕ (ಬೀದರ್)

ನಡೀತದ. ಮೇಲೆ ಅರ್ಧ ಗ್ಲಾಸ್ ನೀರು ಕುಡಿಸಿ. ಗುಳಿಗೆ ನುಂಗಿದ ಹೊತ್ತಿಗೆ ಹಾಲು, ಚಹಾ ಬೇಡ, ನಿಂಬೆ ನೀರಿನ ಜೊತೆ ಕೊಡಿ. ಎಷ್ಟು ತಿಂಗಳು ಅಂತ ಡಾಕ್ಟರ್ ಹೇಳಿದ್ದಾರೋ ಅಷ್ಟೂ ಮುಗಿಸಿ, ಅಂಕಿ ಏರಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ.

ಗರಡಿ ಮನಿ ಕಾಕಾ

ಅಳಿಯ ಮ್ಯಾಲಿನ ಗುಂಪಿನ್ಯಾಗ ಹೆಸರು ಬರಸ್ಯಾನ. ನಂಗ ಮಾತ್ ಬಿಟ್ಟಾನ, ಅವರವ್ವ ರೊಟ್ಟಿ ಬಡದ್ರ ಐದ್ ಉಣ್ತಾನಂತ. ಅಕ್ಕಾ, ತುಪ್ಪದ ವಿಷಯ ಆಮ್ಯಾಲೆ ಅಂದಿದ್ರಿ, ಇನ್ನಾ ಹೇಳಿಲ್ಲ.

ಡಯಟ್ ಅಕ್ಕ (ಬೀದರ್)

ಬಿಸಿ ರೊಟ್ಟಿಗೆ ಒಂದು ಚಮಚ. ಬಟ್ಟಲಲ್ಲಿ ಅಲ್ಲ ಕಾಕಾ.